ಪ್ಲಾಸ್ಟಿಕ್ ಗಿಟಾರು ಮತ್ತು ಆರು ನಿಮಿಷದ ಪಾಠ

ನಮ್ಮ ಸೂಕ್ಷ್ಮ ಬೋಧನೆಯ ತರಗತಿಗಳ ಬಗ್ಗೆ ನನಗೊಂದು ಅಭಿಪ್ರಾಯವಿದೆ. ಅದನ್ನು ಹೇಳಲು ಆರಿಸಿಕೊಂಡ ದಾರಿ ಸ್ವಲ್ಪ ಸುತ್ತಿನದು, ವಿಡಿಯೋ ಗೇಮಿನ ಮೂಲಕ ಹೋಗುತ್ತದೆ. ಶಿಕ್ಷಣ ಮಹಾವಿದ್ಯಾಲಯದ ಪತ್ರಿಕೆಯಲ್ಲಿ ವಿಡಿಯೋ ಗೇಮ್ ಎಂಬ ಪದ ಕಂಡ ಕೂಡಲೇ ಮಕ್ಕಳ ಮೊಬೈಲ್ ಗೀಳಿನ ಬಗ್ಗೆ ಇನ್ನೊಂದು ಲೇಖನ ಬಂತೆಂದು ಓದುಗರು ಪುಟ ತಿರುವಬಹುದು. ಇದು ಅದಲ್ಲ. ನಾನು ಬರೆಯಲಿರುವುದು ಗಿಟಾರು, ಡ್ರಮ್ ಮುಂತಾದ ವಾದ್ಯಗಳ ಆಕಾರದ ಸಾಧನ ಹಿಡಿದು ಆಡುವ ಲಯದ ಆಟಗಳ ಬಗ್ಗೆ. ತಂತಿಯಿಲ್ಲದ ಗಿಟಾರು ಏನನ್ನು ಕಲಿಸುತ್ತದೆ, ಏನನ್ನು ಕಲಿಸುವುದಿಲ್ಲ ಎಂಬ ಪ್ರಶ್ನೆಗೂ, ಮಕ್ಕಳಿಲ್ಲದ ತರಗತಿ ನಮಗೆ ಏನನ್ನು ಕಲಿಸುತ್ತದೆ ಎಂಬ ಪ್ರಶ್ನೆಗೂ ಹತ್ತಿರದ ನೆಂಟಸ್ತಿಕೆಯಿದೆ ಎಂಬುದು ನನ್ನ ವಾದ.

ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಟಿವಿ ಪರದೆಯ ಮೇಲೆ ಗಿಟಾರಿನ ಕೊರಳನ್ನೇ ರಸ್ತೆಯಂತೆ ಹಾಸಿರುತ್ತಾರೆ. ಬಣ್ಣದ ಬಿಲ್ಲೆಗಳು ದೂರದಿಂದ ಆ ರಸ್ತೆಯಲ್ಲಿ ನಮ್ಮತ್ತ ಬರುತ್ತಿರುತ್ತವೆ. ಕೈಯಲ್ಲಿ ಗಿಟಾರಿನ ಆಕಾರದ ಪ್ಲಾಸ್ಟಿಕ್ ಸಾಧನ. ಅದರ ಕೊರಳಿನಲ್ಲಿ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಐದು ಗುಂಡಿಗಳು, ತಂತಿ ಇರಬೇಕಾದ ಜಾಗದಲ್ಲಿ ಮೇಲೆ ಕೆಳಗೆ ಆಡುವ ಒಂದು ಪಟ್ಟಿ. ಬಿಲ್ಲೆ ಗೆರೆ ತಲುಪುವ ಹೊತ್ತಿಗೆ ಸರಿಯಾಗಿ ಎಡಗೈ ಆ ಬಣ್ಣದ ಗುಂಡಿಯನ್ನು ಒತ್ತಿರಬೇಕು, ಬಲಗೈ ಪಟ್ಟಿಯನ್ನು ಮೀಟಬೇಕು. ಸರಿಯಾದರೆ ಹಾಡಿನಲ್ಲಿ ಗಿಟಾರು ಕೇಳಿಸುತ್ತದೆ. ತಪ್ಪಿದರೆ ಆ ಕ್ಷಣಕ್ಕೆ ಗಿಟಾರಿನ ಧ್ವನಿ ಮಾಯವಾಗಿ ಕೆಟ್ಟ ಟಕ್ ಎಂಬ ಶಬ್ದವೊಂದು ಬರುತ್ತದೆ. ಮೂಲೆಯಲ್ಲಿರುವ ಮಾಪಕದ ಮುಳ್ಳು ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯುತ್ತದೆ. ತೀರಾ ಇಳಿದರೆ ಪರದೆಯ ಮೇಲಿನ ಪ್ರೇಕ್ಷಕರು ಗೇಲಿ ಮಾಡುತ್ತಾರೆ, ಹಾಡು ಅರ್ಧಕ್ಕೇ ನಿಂತುಹೋಗುತ್ತದೆ.

ನಾನು ಇದನ್ನು ಮೊದಲು ಆಡಿದ್ದು ಬಿ.ಎಸ್ಸಿ. ಓದುವಾಗ, ಹಾಸ್ಟೆಲಿನಲ್ಲಿ, ಗಿಟಾರೇ ಇಲ್ಲದೆ. ಫ್ರೆಟ್ಸ್ ಆನ್ ಫೈರ್ ಎಂಬ ಉಚಿತ ಆಟವೊಂದಿದೆ, 2006ರಲ್ಲಿ ಫಿನ್ಲೆಂಡಿನವರು ಮಾಡಿದ್ದು. ಅದಕ್ಕೆ ಕಂಪ್ಯೂಟರಿನ ಕೀಬೋರ್ಡೇ ಗಿಟಾರು. ಕೀಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಎಡಗೈ ಬೆರಳುಗಳನ್ನು ಎಫ್1ರಿಂದ ಎಫ್5ರವರೆಗಿನ ಕೀಲಿಗಳ ಮೇಲಿಟ್ಟು, ಬಲಗೈಯಿಂದ ಎಂಟರ್ ಕೀಲಿಯನ್ನು ಮೀಟುವುದು. ನೋಡಿದವರಿಗೆ ಹುಚ್ಚರಂತೆ ಕಾಣುತ್ತೇವೆ, ಅದು ಬೇರೆ ಮಾತು. ಆಮೇಲೆ ಬೆಂಗಳೂರಿನ ಗೆಳತಿಯೊಬ್ಬಳ ಮನೆಯಲ್ಲಿ, ಅವಳ ಅಣ್ಣ ಯಾರಿಂದಲೋ ಕೊಂಡುತಂದಿದ್ದ ಹಳೆಯ ಸೆಟ್ ಸಿಕ್ಕಿತು. ಒಂದು ಗಿಟಾರು, ನಾಲ್ಕು ತಟ್ಟೆ ಒಂದು ಪೆಡಲಿನ ಒಂದು ಡ್ರಮ್. ಬಿ.ಇಡಿ.ಗೆ ಸೇರುವ ಮುಂಚಿನ ಒಂದು ವರ್ಷದಲ್ಲಿ ಅಲ್ಲಿ ಕಳೆದ ಭಾನುವಾರಗಳು ಕಡಿಮೆಯಲ್ಲ.

ಈ ಬಗೆಯ ಆಟ ಬೆಳೆದದ್ದು ಜಪಾನಿನ ಆಟದ ಅಂಗಡಿಗಳಲ್ಲಿ. ಕೊನಾಮಿ ಕಂಪನಿಯ ಬೀಟ್‌ಮೇನಿಯಾ 1997ರಲ್ಲಿ ಬಂತು, ಐದು ಕೀಲಿ ಮತ್ತು ಒಂದು ತಿರುಗುವ ತಟ್ಟೆಯೊಂದಿಗೆ. ಗಿಟಾರ್‌ಫ್ರೀಕ್ಸ್, ಡ್ರಮ್‌ಮೇನಿಯಾಗಳು ಅದರ ಬೆನ್ನಿಗೇ ಬಂದವು. 2001ರಲ್ಲಿ ನಾಮ್ಕೊದವರು ಜಪಾನಿನ ಸಾಂಪ್ರದಾಯಿಕ ತೈಕೊ ಡೋಲನ್ನೇ ಆಟಕ್ಕೆ ತಂದರು. ಕೆಂಪು ಗುರುತು ಬಂದರೆ ಡೋಲಿನ ನಡುವೆ ಬಡಿಯುವುದು, ನೀಲಿ ಬಂದರೆ ಅಂಚಿಗೆ ಬಡಿಯುವುದು, ಅಷ್ಟೇ ಅದರ ನಿಯಮ. ಆದರೆ ಜಗತ್ತಿನ ಮನೆಮನೆಗೆ ಈ ಪ್ಲಾಸ್ಟಿಕ್ ವಾದ್ಯಗಳು ನುಗ್ಗಿದ್ದು 2005ರಲ್ಲಿ ಅಮೆರಿಕದಿಂದ ಬಂದ ಗಿಟಾರ್ ಹೀರೋದಿಂದ. ಅದನ್ನು ರೂಪಿಸಿದ ಹಾರ್ಮೊನಿಕ್ಸ್ ಕಂಪನಿಯನ್ನು 1995ರಲ್ಲಿ ಕಟ್ಟಿದ ಅಲೆಕ್ಸ್ ರಿಗೊಪುಲೊಸ್ ಮತ್ತು ಎರಾನ್ ಎಗೊಝಿ ಇಬ್ಬರೂ ಎಂಐಟಿಯಲ್ಲಿ ಓದಿದವರು. ವಾದ್ಯ ಕಲಿಯದವರಿಗೂ ನುಡಿಸುವ ಸಂತೋಷ ಸಿಗುವಂತೆ ಮಾಡುವುದು ಅವರು ಹಿಡಿದ ಕೆಲಸ. 2007ರಲ್ಲಿ ಅದೇ ಹಾರ್ಮೊನಿಕ್ಸ್ ರಾಕ್ ಬ್ಯಾಂಡ್ ಹೊರತಂದಿತು. ಅದರಲ್ಲಿ ಗಿಟಾರಿನ ಜೊತೆ ಬೇಸ್, ಡ್ರಮ್, ಮೈಕು ಸೇರಿ ನಾಲ್ವರು ಒಟ್ಟಿಗೆ ಆಡಬಹುದಿತ್ತು.

ಶಿಕ್ಷಕಿಯಾಗಲು ಹೊರಟವಳ ಕಣ್ಣಿನಿಂದ ನೋಡಿದಾಗ ಈ ಆಟಗಳಲ್ಲಿ ಅಸೂಯೆಪಡುವಂಥ ಸಂಗತಿಗಳಿವೆ. ಮೊದಲನೆಯದು, ಸುಲಭದ ಹಂತದಲ್ಲೂ ಹಾಡು ಇಡಿಯಾಗಿಯೇ ಇರುತ್ತದೆ. ಗಿಟಾರ್ ಹೀರೋದ ಸುಲಭ ಹಂತದಲ್ಲಿ ಮೂರೇ ಬಣ್ಣಗಳು ಬರುತ್ತವೆ, ಮಧ್ಯಮದಲ್ಲಿ ನಾಲ್ಕು, ಕಠಿಣ ಮತ್ತು ಪರಿಣತ ಹಂತಗಳಲ್ಲಿ ಐದೂ. ಬಿಲ್ಲೆಗಳ ಸಂಖ್ಯೆ ಬದಲಾಗುತ್ತದೆಯೇ ಹೊರತು ಹಾಡು, ಅದರ ವೇಗ, ಅದರ ಉದ್ದ ಯಾವುದೂ ಬದಲಾಗುವುದಿಲ್ಲ. ಮೊದಲ ದಿನ ಬಂದವಳಿಗೂ ಸಿಗುವುದು ನಿಜವಾದ ಹಾಡೇ. ನಾವು ನಿಧಾನ ಕಲಿಯುವ ಮಕ್ಕಳಿಗೆ ಏನು ಮಾಡುತ್ತೇವೆ? ಪಾಠದಿಂದ ಎರಡು ವ್ಯಾಖ್ಯೆ, ಒಂದು ಚಿತ್ರ ಕತ್ತರಿಸಿ, ಪಾಸಾಗಲು ಇಷ್ಟು ಸಾಕು ಎಂದು ಕೈಗಿಡುತ್ತೇವೆ. ಅದು ಹಾಡಿನ ಸುಲಭ ರೂಪವಲ್ಲ, ಹಾಡಿನಿಂದ ಹರಿದ ಚೂರು. ಎಂಟನೇ ತರಗತಿಯ ಶಬ್ದದ ಪಾಠವನ್ನು ಮೂರು ಬಣ್ಣಗಳಲ್ಲಿ, ಆದರೆ ಇಡಿಯಾಗಿ ಕಲಿಸುವುದು ಹೇಗೆ ಎಂದು ಯೋಚಿಸುವುದು ಕಷ್ಟದ ಕೆಲಸ. ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ.

ಎರಡನೆಯದು, ತಪ್ಪು ತಿಳಿಯುವ ಬಗೆ. ಆಟದಲ್ಲಿ ತಪ್ಪಿಗೆ ಮೊದಲ ಶಿಕ್ಷೆ ಅಂಕದ ಕಡಿತವಲ್ಲ. ಸಂಗೀತದಲ್ಲಿ ನಾವಿರಬೇಕಾದ ಜಾಗ ಖಾಲಿಯಾಗುತ್ತದೆ, ಅದು ಕಿವಿಗೇ ಗೊತ್ತಾಗುತ್ತದೆ. ಯಾರೂ ಹೇಳಬೇಕಿಲ್ಲ. 2006ರ ಗಿಟಾರ್ ಹೀರೋ ಎರಡನೇ ಆವೃತ್ತಿಯಿಂದ ಅಭ್ಯಾಸದ ವಿಭಾಗವೂ ಇದೆ. ಹಾಡಿನ ಯಾವ ತುಂಡಿನಲ್ಲಿ ಕೈ ತೊಡರುತ್ತದೋ ಆ ತುಂಡನ್ನು ಮಾತ್ರ ಆರಿಸಿ, ವೇಗ ತಗ್ಗಿಸಿ, ಮತ್ತೆ ಮತ್ತೆ ನುಡಿಸಿ, ವೇಗ ಏರಿಸಿಕೊಂಡು ಹೋಗಬಹುದು. ಹಿಮ್ಮಾಹಿತಿ ತಕ್ಷಣ ಸಿಗಬೇಕು, ಕೌಶಲವನ್ನು ಬಿಡಿಸಿ ಅಭ್ಯಾಸ ಮಾಡಬೇಕು ಎಂದು ನಾವು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆಯುವುದೆಲ್ಲ ಇದೇ.

ಇನ್ನೊಂದು ಸಂಗತಿಯನ್ನು ಬಿಡಲಾರೆ. ರಾಕ್ ಬ್ಯಾಂಡಿನಲ್ಲಿ ನಾಲ್ವರಲ್ಲಿ ಒಬ್ಬರು ಸೋತು ಹೊರಬಿದ್ದರೆ, ಉಳಿದವರಲ್ಲಿ ಯಾರಾದರೂ ತಾವು ಕೂಡಿಟ್ಟ ಶಕ್ತಿಯನ್ನು ಖರ್ಚು ಮಾಡಿ ಅವರನ್ನು ಮರಳಿ ಆಟಕ್ಕೆ ತರಬಹುದು. ಹಾಗೆ ತರದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಇಡೀ ತಂಡವೇ ಬೀಳುತ್ತದೆ. ಡ್ರಮ್ಮಿನಲ್ಲಿ ನಾನು ಎಡವಿದಾಗಲೆಲ್ಲ ಗೆಳತಿ ತನ್ನ ಅಂಕ ಏರಿಸಿಕೊಳ್ಳುವ ಆಸೆ ಬಿಟ್ಟು ನನ್ನನ್ನು ಎತ್ತುತ್ತಿದ್ದಳು. ಸಹಕಾರಿ ಕಲಿಕೆಯ ಬಗ್ಗೆ ನಮ್ಮ ಟಿಪ್ಪಣಿಯಲ್ಲಿರುವ ನಾಲ್ಕು ಪುಟ ಹೇಳದೆ ಬಿಟ್ಟದ್ದು ಇದನ್ನೇ ಎನ್ನಿಸುತ್ತದೆ. ಇನ್ನೊಬ್ಬರ ಸೋಲು ನನ್ನ ಹಾಡನ್ನೂ ನಿಲ್ಲಿಸುತ್ತದೆ ಎಂಬ ವ್ಯವಸ್ಥೆ ಇಲ್ಲದೆ ಗುಂಪು ಚಟುವಟಿಕೆ ಎಂದರೆ ಒಬ್ಬಳು ಬರೆಯುವುದು, ಮೂವರು ನೋಡುವುದು.

ಇಷ್ಟೆಲ್ಲ ಹೊಗಳಿದ ಮೇಲೆ ಮುಖ್ಯ ಪ್ರಶ್ನೆ. ಈ ಆಟ ಆಡಿದವರಿಗೆ ಗಿಟಾರು ಬರುತ್ತದೆಯೇ? ಬರುವುದಿಲ್ಲ. ಪರಿಣತ ಹಂತದಲ್ಲಿ ಹಾಡಿಗೆ ಹಾಡು ಮುಗಿಸುವ ಗೆಳತಿಯ ಅಣ್ಣನ ಕೈಗೆ ನಿಜವಾದ ಗಿಟಾರು ಕೊಟ್ಟರೆ ಒಂದು ಸ್ವರ ಶುದ್ಧವಾಗಿ ಹೊರಡದು. ಕಾರಣ ಸರಳ. ನಿಜವಾದ ಗಿಟಾರಿನಲ್ಲಿ ಆರು ತಂತಿ, ಇಪ್ಪತ್ತರ ಆಸುಪಾಸಿನಷ್ಟು ಮನೆಗಳು. ತಂತಿಯನ್ನು ಒತ್ತಿದಾಗ ಕಂಪಿಸುವ ಉದ್ದ ಕಡಿಮೆಯಾಗಿ ಆವೃತ್ತಿ ಹೆಚ್ಚುತ್ತದೆ, ಸ್ವರ ಏರುತ್ತದೆ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂಬುದರಲ್ಲೇ ವಿದ್ಯೆಯೆಲ್ಲ ಅಡಗಿದೆ. ಪ್ಲಾಸ್ಟಿಕ್ ಗಿಟಾರಿನ ಗುಂಡಿ ಬರಿಯ ಸ್ವಿಚ್ಚು. ಹಸಿರು ಗುಂಡಿ ಒಂದು ಹಾಡಿನಲ್ಲಿ ಒಂದು ಸ್ವರವಾದರೆ ಮುಂದಿನ ಸಾಲಿನಲ್ಲೇ ಇನ್ನೊಂದು ಸ್ವರವಾಗಬಹುದು. ಬೆರಳು ಕಲಿತದ್ದಕ್ಕೂ ಕಿವಿ ಕೇಳಿದ್ದಕ್ಕೂ ಸ್ಥಿರವಾದ ಸಂಬಂಧವೇ ಇಲ್ಲ.

ಡ್ರಮ್ಮಿನ ಕಥೆ ಬೇರೆ. ಅಲ್ಲೂ ಪ್ಲಾಸ್ಟಿಕ್ಕು, ರಬ್ಬರು. ಆದರೆ ಬಡಿಯುವ ಕೋಲು ನಿಜವಾದ ಕೋಲು, ಬಲಗೈ ಎಡಗೈ ಬಲಗಾಲು ಮೂರೂ ಬೇರೆ ಬೇರೆ ಲೆಕ್ಕದಲ್ಲಿ ನಡೆಯಬೇಕು. ಪರಿಣತ ಹಂತಕ್ಕೆ ಬರುವಷ್ಟರಲ್ಲಿ ಪರದೆಯಲ್ಲಿ ಬರುವ ಬಿಲ್ಲೆಗಳು ಮೂಲ ಹಾಡಿನಲ್ಲಿ ಡ್ರಮ್ ವಾದಕ ಬಡಿದ ಪೆಟ್ಟುಗಳಿಗೆ ಬಹಳ ಹತ್ತಿರವಾಗಿರುತ್ತವೆ. ಹೀಗಾಗಿ ಆಟದಲ್ಲಿ ಡ್ರಮ್ ಬಾರಿಸಿದವರು ನಿಜವಾದ ಡ್ರಮ್ಮಿನ ಮುಂದೆ ಕೂತರೆ ಒಂದು ಸಾದಾ ಲಯವನ್ನು ಹಿಡಿದು ನಡೆಸಬಲ್ಲರು. ಪೆಟ್ಟಿನ ಮೃದುತ್ವ, ಗಡಸುತನ ಅವರಿಗೆ ಬಂದಿರುವುದಿಲ್ಲ, ಆಟ ಅದನ್ನು ಕೇಳುವುದೇ ಇಲ್ಲ. ಆದರೂ ಅರ್ಧ ದಾರಿ ಬಂದಿರುತ್ತಾರೆ. ನಾನೇ ಒಮ್ಮೆ ಕಾಲೇಜು ವಾರ್ಷಿಕೋತ್ಸವದ ತಾಲೀಮಿನ ಬಿಡುವಿನಲ್ಲಿ ನಿಜವಾದ ಡ್ರಮ್ಮಿನ ಮುಂದೆ ಕೂತೆ. ನಾಲ್ಕು ನಿಮಿಷ ಲಯ ಬಿಡಲಿಲ್ಲ. ಅದೇ ದಿನ ಗಿಟಾರನ್ನೂ ಕೈಗೆ ತೆಗೆದುಕೊಂಡೆ, ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲಿ ಹೇಳಿದ ಸಮಾನಾಂಶಗಳ ಸಿದ್ಧಾಂತವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ. ಒಂದು ಕಲಿಕೆ ಇನ್ನೊಂದಕ್ಕೆ ವರ್ಗಾವಣೆಯಾಗುವುದು ಎರಡರಲ್ಲೂ ಒಂದೇ ಬಗೆಯ ಅಂಶಗಳು ಇದ್ದಷ್ಟು ಮಟ್ಟಿಗೆ ಮಾತ್ರ. ನೋಟದಲ್ಲಿ ಪ್ಲಾಸ್ಟಿಕ್ ಗಿಟಾರು ನಿಜವಾದ ಗಿಟಾರನ್ನು ಎಷ್ಟೊಂದು ಹೋಲುತ್ತದೆ! ಮೊದಲ ಗಿಟಾರ್ ಹೀರೋದ ಸಾಧನವಂತೂ ಪ್ರಸಿದ್ಧ ಗಿಬ್ಸನ್ ಎಸ್‌ಜಿ ಗಿಟಾರಿನ ಪಡಿಯಚ್ಚು. ಡ್ರಮ್ಮಿನ ಸಾಧನವೋ ಮಡಚುವ ಕುರ್ಚಿಗೆ ನಾಲ್ಕು ಊಟದ ತಟ್ಟೆ ಅಂಟಿಸಿದಂತೆ ಇರುತ್ತದೆ. ಆದರೂ ವರ್ಗಾವಣೆಯಾದದ್ದು ಎರಡನೆಯದೇ. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ನಮ್ಮಲ್ಲಿ ಮೃದಂಗ ಕಲಿಯುವವರು ತ, ಧಿ, ತೊಂ, ನಂ ಎಂದು ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿ ಪಾಠ ಗಟ್ಟಿ ಮಾಡುತ್ತಾರೆ. ಯಕ್ಷಗಾನದ ಮದ್ದಳೆ ಕಲಿಯುವವರಿಗೂ ಬಾಯಿತಾಳ ಇದೆ. ಅಲ್ಲಿ ವಾದ್ಯದ ಆಕಾರವೇ ಇಲ್ಲ, ವಾದ್ಯವೇ ಇಲ್ಲ. ಆದರೂ ಅದು ಚರ್ಮದ ಮೇಲೆ ಕೈಯಿಟ್ಟ ದಿನ ಪೂರ್ತಿ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಬಾಯಿ ಮಾಡಿದ ಲೆಕ್ಕವೂ ಕೈ ಮಾಡುವ ಲೆಕ್ಕವೂ ಒಂದೇ.

ಆಟ ಮಾಡಿದವರಿಗೂ ಈ ಕೊರತೆ ಗೊತ್ತಿತ್ತು. 2010ರ ರಾಕ್ ಬ್ಯಾಂಡ್ ಮೂರನೇ ಆವೃತ್ತಿಯಲ್ಲಿ ಅವರು ಪ್ರೊ ಎಂಬ ಬೇರೆ ಹಂತವನ್ನೇ ತಂದರು. ಅದಕ್ಕಾಗಿ ಹದಿನೇಳು ಮನೆಗಳಲ್ಲಿ, ಮನೆಗೆ ಆರರಂತೆ, ಒಟ್ಟು 102 ಗುಂಡಿಗಳ ಗಿಟಾರು ಬಂತು. ನಿಜವಾದ ತಂತಿಗಳಿದ್ದ ಇನ್ನೊಂದು ಗಿಟಾರೂ, 25 ಕೀಲಿಗಳ ಕೀಬೋರ್ಡೂ ಬಂದವು. ಮರುವರ್ಷ ಯೂಬಿಸಾಫ್ಟ್‌ನವರ ರಾಕ್‌ಸ್ಮಿತ್ ಆಟದಲ್ಲಿ ಪ್ಲಾಸ್ಟಿಕ್ಕೇ ಇಲ್ಲ, ಮನೆಯಲ್ಲಿರುವ ಸಾಮಾನ್ಯ ಎಲೆಕ್ಟ್ರಿಕ್ ಗಿಟಾರನ್ನೇ ಒಂದು ಕೇಬಲ್ಲಿನಿಂದ ಜೋಡಿಸಿ ಆಡುವುದು. ಮೊದಲು ಕೆಲವೇ ಸ್ವರಗಳು ಬರುತ್ತವೆ, ಆಟಗಾರ ಸರಿಯಾಗಿ ನುಡಿಸಿದಂತೆಲ್ಲ ಸ್ವರಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ಆ ಹೊತ್ತಿಗೆ ಜನರಿಗೆ ಪ್ಲಾಸ್ಟಿಕ್ ವಾದ್ಯಗಳು ಸಾಕಾಗಿದ್ದವು. 2011ರ ಫೆಬ್ರವರಿಯಲ್ಲಿ ಆಕ್ಟಿವಿಷನ್ ಗಿಟಾರ್ ಹೀರೋ ವಿಭಾಗವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ವ್ಯಾಪಾರದ ಆ ಕಥೆ ನಮಗೆ ಮುಖ್ಯವಲ್ಲ. ಅನುಕರಣೆ ಎಲ್ಲಿ ಸಾಲದು ಎಂದು ಕಂಡಿತೋ ಅಲ್ಲಿಗೆ ಅವರು ತಂತಿಯನ್ನು ತಂದರು ಎಂಬುದು ಮುಖ್ಯ.

ಈಗ ನಮ್ಮ ಕಾಲೇಜಿನ ಮೊದಲ ಮಹಡಿಯ ಕೊಠಡಿಗೆ ಬರೋಣ. ಸೂಕ್ಷ್ಮ ಬೋಧನೆ ಎಂದರೇನು ಎಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ರೂಪಿಸಿದ್ದು ಎಂದು ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಎನ್‌ಸಿಇಆರ್‌ಟಿ ಮಾದರಿಯ ಚಕ್ರವೂ ಗೊತ್ತು. ಆರು ನಿಮಿಷ ಬೋಧನೆ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಆರು ನಿಮಿಷ ಮರುಬೋಧನೆ, ಆರು ನಿಮಿಷ ಮರುಹಿಮ್ಮಾಹಿತಿ, ಒಟ್ಟು 36. ನಾವು ಸಾಮಾನ್ಯವಾಗಿ ಗಮನಿಸದೆ ದಾಟುವ ಒಂದು ಸಂಗತಿಯಿದೆ. ಸ್ಟ್ಯಾನ್‌ಫರ್ಡಿನಲ್ಲಿ ಪ್ರಶಿಕ್ಷಣಾರ್ಥಿಯ ಎದುರು ಕೂರುತ್ತಿದ್ದವರು ನಿಜವಾದ ಶಾಲಾ ವಿದ್ಯಾರ್ಥಿಗಳು. ಅವರಿಗೆ ಹಣ ಕೊಟ್ಟು ಕರೆತರುತ್ತಿದ್ದರು. ನಾಲ್ಕೈದು ಮಕ್ಕಳ ಪುಟ್ಟ ತರಗತಿ, ಆದರೆ ಮಕ್ಕಳದೇ ತರಗತಿ. ಸಹಪಾಠಿಗಳೇ ಮಕ್ಕಳಾಗಿ ಕೂರುವುದು ಭಾರತದ ಮಾದರಿಯಲ್ಲಿ ಬಂದದ್ದು. ಖರ್ಚು, ಶಾಲೆಗಳ ವೇಳಾಪಟ್ಟಿ, ಪ್ರಶಿಕ್ಷಣಾರ್ಥಿಗಳ ಸಂಖ್ಯೆ ನೋಡಿದರೆ ಏಕೆ ಹಾಗೆ ಮಾಡಿದರು ಎಂಬುದು ಅರ್ಥವಾಗುತ್ತದೆ. ಆದರೆ ತಂತಿ ಬಿಚ್ಚಿ ಗುಂಡಿ ಹಾಕಿದ್ದು ಅಲ್ಲೇ.

ಸಹಪಾಠಿಗಳು ಮಕ್ಕಳಾಗುವ ದೃಶ್ಯ ಎಲ್ಲರಿಗೂ ಗೊತ್ತು. ಇಪ್ಪತ್ತನಾಲ್ಕು, ಇಪ್ಪತ್ತೈದು ವಯಸ್ಸಿನವರು, ಕೆಲವರಿಗೆ ಮಕ್ಕಳೂ ಇವೆ, ಬೆಂಚಿನಲ್ಲಿ ಕೈಕಟ್ಟಿ ಕೂತು ಕೋರಸ್ಸಿನಲ್ಲಿ ಗುಡ್ ಮಾರ್ನಿಂಗ್ ಹೇಳುತ್ತಾರೆ. ಪ್ರಶ್ನೆ ಕೇಳುವ ಮೊದಲೇ ಉತ್ತರ ಸಿದ್ಧವಿರುತ್ತದೆ. ನಾಳೆ ಅವರ ಸರದಿ, ಅವರಿಗೆ ನಾವು ಉತ್ತರಿಸಬೇಕು, ಆದ್ದರಿಂದ ಇವತ್ತು ಅವರು ನಮ್ಮ ಮರ್ಯಾದೆ ಕಾಪಾಡುತ್ತಾರೆ. ಇದು ಒಳ್ಳೆಯ ಸ್ನೇಹ, ಪಾಠವಲ್ಲ.

ಹಾಗೆಂದು ಎಲ್ಲವೂ ವ್ಯರ್ಥ ಎನ್ನುವುದಿಲ್ಲ. ನಮ್ಮ ಕೌಶಲಗಳಲ್ಲೂ ಡ್ರಮ್ ಜಾತಿಯವಿವೆ, ಗಿಟಾರ್ ಜಾತಿಯವಿವೆ. ಕಪ್ಪುಹಲಗೆ ಬರವಣಿಗೆ ಅಪ್ಪಟ ಡ್ರಮ್ಮು. ಹಲಗೆ ಅದೇ, ಸೀಮೆಸುಣ್ಣ ಅದೇ, ತೋಳು ನೋಯುವುದು ಅದೇ. ಬೆನ್ನ ಹಿಂದೆ ಕೂತವರು ಯಾರಾದರೂ ಇರಲಿ, ಸಾಲು ಓರೆಯಾಗದಂತೆ ಬರೆಯಲು ಬಂದರೆ ಎಲ್ಲಿ ಹೋದರೂ ಬರುತ್ತದೆ. ಧ್ವನಿಯ ಏರಿಳಿತ, ಕೊಠಡಿಯಲ್ಲಿ ಓಡಾಟ, ಪ್ರಾತ್ಯಕ್ಷಿಕೆಯ ಸಾಮಗ್ರಿ ಜೋಡಿಸುವ ಕ್ರಮ, ಇವೂ ಬಹಳಷ್ಟು ಹಾಗೇ. ವಿವರಿಸುವ ಕೌಶಲ ನಡುವೆ ಎಲ್ಲೋ ನಿಲ್ಲುತ್ತದೆ. ಪ್ರಶ್ನಿಸುವ ಕೌಶಲ ಮತ್ತು ಪುನರ್ಬಲನದ ಕೌಶಲ ಮಾತ್ರ ಪೂರಾ ಗಿಟಾರು. ಉತ್ತರ ಗೊತ್ತಿರುವವರಿಗೆ ಪ್ರಶ್ನೆ ಕೇಳುವುದರಿಂದ ಉತ್ತರ ಗೊತ್ತಿಲ್ಲದವರಿಗೆ ಪ್ರಶ್ನೆ ಕೇಳುವುದನ್ನು ಕಲಿಯಲಾಗದು. ಇಪ್ಪತ್ತೈದರ ಗೆಳತಿಗೆ "ಭೇಷ್, ಜಾಣೆ" ಎನ್ನುವುದಕ್ಕೂ, ತಪ್ಪು ಹೇಳಿದೆನೆಂದು ತಲೆ ತಗ್ಗಿಸಿದ ಹದಿಮೂರರ ಹುಡುಗನ ಮುಖ ಮತ್ತೆ ಮೇಲೆತ್ತುವಂತೆ ಮಾತಾಡುವುದಕ್ಕೂ ಸಮಾನಾಂಶವೇ ಇಲ್ಲ. ಆದರೂ ಎರಡಕ್ಕೂ ಒಂದೇ ಹೆಸರು, ಒಂದೇ ವೀಕ್ಷಣಾ ಪತ್ರ, ಒಂದೇ ಏಳು ಬಿಂದುಗಳ ಮಾಪನ.

ಅಭ್ಯಾಸ ಬೋಧನೆಗೆ ಹೋದಾಗ ಎಂಟನೇ ತರಗತಿಗೆ ಶಬ್ದದ ಪಾಠ ಮಾಡಿದೆ. ಪಾಠಯೋಜನೆಯಲ್ಲಿ ಬೋಧನಾಂಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಎಂಬ ಅಂಕಣಗಳು ಇರುತ್ತವಷ್ಟೆ. ಮೂರನೆಯ ಅಂಕಣದಲ್ಲಿ ಮಕ್ಕಳು ಕೊಡಬೇಕಾದ ಉತ್ತರಗಳನ್ನು ಹಿಂದಿನ ರಾತ್ರಿಯೇ ನಾವು ಬರೆದಿರುತ್ತೇವೆ. ಯೋಚಿಸಿ ನೋಡಿದರೆ ಅದು ಲಯದ ಆಟದ ಬಿಲ್ಲೆಗಳ ಪಟ್ಟಿಯೇ. ಇಂಥ ಹೊತ್ತಿಗೆ ಇಂಥ ಬಣ್ಣ ಬರುತ್ತದೆ, ಬಂದಾಗ ಒತ್ತಬೇಕು. ಶಬ್ದ ಹೇಗೆ ಉಂಟಾಗುತ್ತದೆ ಎಂದು ಕೇಳಿದೆ. ವಸ್ತುಗಳು ಕಂಪಿಸುವುದರಿಂದ ಎಂಬ ಉತ್ತರ ಬಂತು, ಯೋಜನೆಯಂತೆಯೇ. ಕಂಪನ ಎಂದರೆ ವಸ್ತು ಅತ್ತಿತ್ತ ಚಲಿಸುವುದು ಎಂದು ಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: "ಮಿಸ್, ಜೋಕಾಲಿನೂ ಅತ್ತಿತ್ತ ಹೋಗ್ತದೆ. ಅದಕ್ಕ್ಯಾಕೆ ಶಬ್ದ ಇಲ್ಲ?"

ಎಷ್ಟು ಒಳ್ಳೆಯ ಪ್ರಶ್ನೆ! ನಾನು ಹಲಗೆಯ ಮೇಲೆ ಬರೆದ ವಾಕ್ಯವನ್ನು ಅವಳು ಪೂರ್ತಿ ನಂಬಿ, ತನ್ನ ಮನೆಯ ಜಗುಲಿಗೆ ತೆಗೆದುಕೊಂಡು ಹೋಗಿ, ಪರೀಕ್ಷಿಸಿ ನೋಡಿದ್ದಳು. ಆವೃತ್ತಿ, 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಶ್ರವ್ಯ ಮಿತಿ ಇವೆಲ್ಲ ಯೋಜನೆಯ ಪ್ರಕಾರ ಮೂರನೆಯ ಅವಧಿಯಲ್ಲಿ ಬರಬೇಕಿತ್ತು. ಯೋಜನೆ ಮಡಚಿಟ್ಟೆ. ಎಲ್ಲರೂ ಕಬ್ಬಿಣದ ಸ್ಕೇಲನ್ನು ಬೆಂಚಿನ ಅಂಚಿಗೆ ಒತ್ತಿ ಹಿಡಿದು, ಹೊರಚಾಚಿದ ತುದಿಯನ್ನು ಮೀಟಿ ಎಂದೆ. ಉದ್ದ ಚಾಚಿದಾಗ ಸ್ಕೇಲು ಕಣ್ಣಿಗೆ ಕಾಣುವಂತೆ ತೂಗುತ್ತದೆ, ಶಬ್ದ ಕೇಳಿಸುವುದೇ ಕಷ್ಟ. ಒಳಗೆ ಎಳೆದುಕೊಳ್ಳುತ್ತ ಬಂದಂತೆ ಗುಯ್ ಎನ್ನತೊಡಗುತ್ತದೆ, ಆಮೇಲೆ ಕಿರುಚುತ್ತದೆ. ಕೊಠಡಿಯಲ್ಲಿ ಎಷ್ಟು ಗದ್ದಲವಾಯಿತೆಂದರೆ ಪಕ್ಕದ ತರಗತಿಯ ಶಿಕ್ಷಕರು ಇಣುಕಿ ಹೋದರು. ಜೋಕಾಲಿ ಸೆಕೆಂಡಿಗೆ ಒಂದು ಸಲವೂ ಪೂರ್ತಿ ಅತ್ತಿತ್ತ ಹೋಗಿಬರುವುದಿಲ್ಲ, ನಮ್ಮ ಕಿವಿಗೆ ಸೆಕೆಂಡಿಗೆ ಇಪ್ಪತ್ತಾದರೂ ಬೇಕು ಎಂದು ಕೊನೆಗೆ ಅವರೇ ಹೇಳಿದರು. ಆ ದಿನದ ವೀಕ್ಷಣಾ ಪತ್ರದಲ್ಲಿ ಪೀಠಿಕೆಗೆ ಅಂಕವಿತ್ತು, ಹಲಗೆ ಬರವಣಿಗೆಗೆ ಅಂಕವಿತ್ತು, ಸಮಯ ಪಾಲನೆಗೆ ಅಂಕ ಕಡಿತವಿತ್ತು. ಅವಳ ಪ್ರಶ್ನೆಗೆ ಅಂಕಣವಿರಲಿಲ್ಲ.

ಲಯದ ಆಟದ ದೊಡ್ಡ ಮಿತಿ ನನಗೆ ಕಂಡದ್ದು ಇಲ್ಲಿ. ಹಾಡು ಆಟಗಾರ್ತಿಯನ್ನು ಕೇಳಿಸಿಕೊಳ್ಳುವುದಿಲ್ಲ. ಅವಳು ಎಷ್ಟೇ ಚೆನ್ನಾಗಿ ಒತ್ತಲಿ, ಹಾಡು ಮೊದಲೇ ಮುದ್ರಿತವಾದ ದಾರಿಯಲ್ಲೇ ಹೋಗುತ್ತದೆ. ತಂಡದಲ್ಲಿ ನುಡಿಸುವ ನಿಜವಾದ ವಾದಕರು ಒಬ್ಬರನ್ನೊಬ್ಬರು ಕೇಳಿ ತಿರುಗುತ್ತಾರೆ. ಶಿಕ್ಷಕರೂ ತಿರುಗಬೇಕು. ಸಹಪಾಠಿಗಳ ಮುಂದೆ ನಾನು ಇದೇ ಪಾಠವನ್ನು ಎರಡು ಸಲ ಮಾಡಿದ್ದೆ. ಯಾರೂ ಜೋಕಾಲಿಯ ಮಾತೆತ್ತಲಿಲ್ಲ, ಎತ್ತುವಂತೆಯೂ ಇರಲಿಲ್ಲ. ಕಂಪನ ಎಂಬ ಪದ ಅವರಿಗೆ ಎಂದೋ ಹಳತಾಗಿದೆ.

ಹಿಮ್ಮಾಹಿತಿಯ ವಿಷಯ ಇನ್ನೊಂದು. ಹೊಸ ಟಿವಿಗಳು ಚಿತ್ರವನ್ನು ಪರದೆಗೆ ತರಲು ಕಣ್ಣೆವೆಯಷ್ಟು ತಡಮಾಡುತ್ತವೆ. ಸಿನಿಮಾ ನೋಡುವವರಿಗೆ ಅದು ಗೊತ್ತೂ ಆಗದು, ಆದರೆ ಲಯದ ಆಟದಲ್ಲಿ ಆ ಚೂರು ತಡಕ್ಕೇ ಎಲ್ಲ ಪೆಟ್ಟೂ ತಪ್ಪುತ್ತವೆ. ಅದಕ್ಕೆಂದೇ ಆಟದಲ್ಲಿ ಹೊಂದಾಣಿಕೆಯ ವ್ಯವಸ್ಥೆ ಇಟ್ಟಿದ್ದಾರೆ. ನಮ್ಮಲ್ಲಿ ಸೂಕ್ಷ್ಮ ಬೋಧನೆಯ ವೀಕ್ಷಣಾ ಪತ್ರ ಕೈಗೆ ಬರುವುದು ಕೆಲವೊಮ್ಮೆ ಹತ್ತು ದಿನಕ್ಕೆ. ಅಷ್ಟರಲ್ಲಿ ಮುಂದಿನ ಎರಡು ಕೌಶಲ ಮುಗಿದಿರುತ್ತವೆ. 36 ನಿಮಿಷದ ಚಕ್ರದಲ್ಲಿ ಮರುಬೋಧನೆ ಎಂಬ ಭಾಗ ಬಹಳ ಕಡೆ ದಾಖಲೆ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ ಎಂಬುದು ನಮ್ಮ ನಮ್ಮಲ್ಲೇ ಇರುವ ಗುಟ್ಟಲ್ಲ. ಇದರಲ್ಲಿ ಯಾವ ಉಪನ್ಯಾಸಕರ ತಪ್ಪೂ ಇಲ್ಲ. ಒಬ್ಬರಿಗೆ ಅಷ್ಟು ಜನ ಪ್ರಶಿಕ್ಷಣಾರ್ಥಿಗಳಿದ್ದರೆ ಯಾರಿಗೂ ಆಗದ ಕೆಲಸವದು. ಆದರೆ ಆಟದ ಅತ್ಯುತ್ತಮ ಗುಣವಾದ ನಿಧಾನಿಸಿ ಮತ್ತೆ ನುಡಿಸುವ ಭಾಗವನ್ನೇ ಬಿಟ್ಟು, ಅದರ ದೊಡ್ಡ ದೋಷವಾದ ಮೊದಲೇ ಬರೆದಿಟ್ಟ ಹಾಡನ್ನು ಮಾತ್ರ ನಾವು ಇಟ್ಟುಕೊಂಡಂತೆ ಆಗಿದೆ.

ವಿಜ್ಞಾನದವರಾದ ನಾವು ಇನ್ನೊಂದು ಕಡೆಯೂ ಎಚ್ಚರವಾಗಿರಬೇಕು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಸಿಮ್ಯುಲೇಷನ್‌ಗಳು ಉಚಿತವಾಗಿ ಸಿಗುತ್ತವೆ, ಕೆಲವು ಕನ್ನಡದಲ್ಲೂ ಇವೆ. ವಿದ್ಯುತ್ ಮಂಡಲದ ಸಿಮ್ಯುಲೇಷನ್ನಿನಲ್ಲಿ ತಂತಿಯೊಳಗೆ ಎಲೆಕ್ಟ್ರಾನುಗಳು ಹರಿಯುವುದನ್ನು ತೋರಿಸಬಹುದು, ನಿಜವಾದ ತಂತಿ ಅದನ್ನು ಎಂದೂ ತೋರಿಸದು. ವೋಲ್ಟೇಜು ಹೆಚ್ಚಿಸಿದರೆ ಪ್ರವಾಹ ಹೇಗೆ ಹೆಚ್ಚುತ್ತದೆ ಎಂಬ ಸಂಬಂಧ ಮನಸ್ಸಿಗೆ ಹತ್ತಲು ಅದು ಬಾಯಿತಾಳದಷ್ಟೇ ಒಳ್ಳೆಯದು. ಆದರೆ ತಂತಿಯ ತುದಿಯ ಪ್ಲಾಸ್ಟಿಕ್ ಸುಲಿಯುವುದು, ಸಡಿಲವಾದ ಸಂಪರ್ಕ ಹುಡುಕುವುದು, ಸತ್ತ ಬಲ್ಬನ್ನು ಸತ್ತದ್ದೆಂದು ಗುರುತಿಸುವುದು, ಇವುಗಳಿಗೆ ಪರದೆಯಲ್ಲಿ ಸಮಾನಾಂಶವಿಲ್ಲ. ಸ್ಮಾರ್ಟ್ ಬೋರ್ಡು ಬಂದ ಶಾಲೆಯಲ್ಲಿ ಪ್ರಯೋಗಾಲಯದ ಬೀರು ಮುಚ್ಚಿಯೇ ಇರುವುದನ್ನು ಕಂಡಿದ್ದೇನೆ. ಬೀಗದ ಕೈ ಯಾರ ಬಳಿ ಇದೆ ಎಂದು ತಿಳಿಯಲು ಎರಡು ದಿನ ಹಿಡಿಯಿತು.

ಈ ವಾದವನ್ನು ಗೆಳತಿಯರ ಮುಂದೆ ಇಟ್ಟಾಗ ಬಂದ ಆಕ್ಷೇಪಗಳಲ್ಲಿ ಒಂದು ಗಟ್ಟಿಯಾದದ್ದು. ಸಹಪಾಠಿಗಳ ಮುಂದಿನ ಪಾಠ ಕೌಶಲ ಕಲಿಸದಿದ್ದರೇನು, ಧೈರ್ಯ ಕೊಡುತ್ತದಲ್ಲ ಎಂದರು. ಮೊದಲ ಸಲ ಹಲಗೆಯ ಮುಂದೆ ನಿಂತು ಗಂಟಲು ಕಟ್ಟಿದವಳಿಗೆ ಎದುರು ಕೂತದ್ದು ಪರಿಚಿತ ಮುಖಗಳು ಎಂಬುದೇ ದೊಡ್ಡದು. ಇದು ನಿಜ. ಪ್ಲಾಸ್ಟಿಕ್ ಗಿಟಾರಿನ ಪರವಾಗಿಯೂ ಇದನ್ನೇ ಹೇಳುತ್ತಿದ್ದರು, ಆಟ ಆಡಿ ಆಸೆ ಹುಟ್ಟಿ ನಿಜವಾದ ಗಿಟಾರು ಕೊಂಡವರಿದ್ದಾರೆ ಎಂದು. ಒಪ್ಪುತ್ತೇನೆ. ರಾಕ್ ಬ್ಯಾಂಡಿನ ಎರಡನೇ ಆವೃತ್ತಿಯಲ್ಲಿ ಎಷ್ಟು ತಪ್ಪಿದರೂ ಹಾಡು ನಿಲ್ಲದ ವ್ಯವಸ್ಥೆಯೊಂದನ್ನು ಇಟ್ಟರು. ಹೊಸಬರಿಗೆ ಅದು ಬೇಕೇ ಬೇಕು. ಮೊದಲ ಎರಡು ಕೌಶಲಗಳನ್ನು ಸಹಪಾಠಿಗಳ ಮುಂದೆಯೇ ಮಾಡೋಣ, ನಗುತ್ತಲೇ ಮಾಡೋಣ. ಆದರೆ ಆ ವ್ಯವಸ್ಥೆಯಲ್ಲಿ ಗಳಿಸಿದ್ದನ್ನು ಆಟದವರೂ ಅಂಕಪಟ್ಟಿಗೆ ಸೇರಿಸುತ್ತಿರಲಿಲ್ಲ. ನಾವು ಸೇರಿಸುತ್ತೇವೆ.

ಮಕ್ಕಳನ್ನು ಕಾಲೇಜಿಗೆ ತರುವುದು ಹೇಗೆ ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ದೂರವಿಲ್ಲ. ಪ್ರೌಢಶಾಲೆ ನಮ್ಮ ಗೇಟಿನಿಂದ ಎರಡು ಫರ್ಲಾಂಗು. ಅಲ್ಲಿಗೆ ನಾವೇ ಹೋಗಬಹುದು. ಇಡೀ ತರಗತಿ ಬೇಡ, ಐದು ಮಕ್ಕಳು ಸಾಕು. ಪ್ರಶ್ನಿಸುವುದು ಮತ್ತು ಪುನರ್ಬಲನ, ಈ ಎರಡು ಕೌಶಲಗಳಿಗೆ ಮಾತ್ರ. ಪ್ರಶಿಕ್ಷಣಾರ್ಥಿಯ ಪಾಠಯೋಜನೆಯ ಮೂರನೆಯ ಅಂಕಣ ಅಂದು ಖಾಲಿ ಇರಲಿ. ಜೊತೆಗೆ ಹೋದ ಸಹಪಾಠಿ ಬಿಂದು ಹಾಕುವ ಬದಲು ಆ ಅಂಕಣದಲ್ಲಿ ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಪಾಠ ಮುಗಿದ ಕೂಡಲೇ ಶಾಲೆಯ ಬೇವಿನ ಕಟ್ಟೆಯ ಮೇಲೆ ಕೂತು ಇಬ್ಬರೂ ಅದನ್ನು ಓದಲಿ, ಎಲ್ಲಿ ಕೈ ತೊಡರಿತೋ ಆ ಎರಡು ನಿಮಿಷವನ್ನು ಮಾತ್ರ ಅಂದೇ ಇನ್ನೈದು ಮಕ್ಕಳ ಮುಂದೆ ಮತ್ತೆ ಮಾಡಲಿ. ಸ್ಟ್ಯಾನ್‌ಫರ್ಡಿನವರಂತೆ ವಿಡಿಯೋ ಬೇಕೆಂದರೆ ಎಲ್ಲರ ಕೈಯಲ್ಲೂ ಫೋನಿದೆ. ಮಕ್ಕಳ ಮುಖ ಬರದಂತೆ ಹಿಂದಿನಿಂದ ಹಿಡಿದರಾಯಿತು.

ಆ ಶಾಲೆಯ ವೇಳಾಪಟ್ಟಿ ನೋಡಿಕೊಂಡು ಬಂದಿದ್ದೇನೆ. ಎಂಟನೇ ತರಗತಿಗೆ ಬುಧವಾರ ಮತ್ತು ಶುಕ್ರವಾರ ಕೊನೆಯ ಅವಧಿ ಆಟಕ್ಕೆ, ಮಳೆಗಾಲದಲ್ಲಿ ಮೈದಾನ ಕೆಸರಾಗಿ ಅದು ಹೆಚ್ಚುಕಡಿಮೆ ಖಾಲಿ. ಮುಖ್ಯೋಪಾಧ್ಯಾಯರನ್ನು ಕೇಳಿದಾಗ ಪತ್ರ ಬರೆದು ಕಳಿಸಿದರೆ ತಮ್ಮದೇನೂ ಅಡ್ಡಿಯಿಲ್ಲ ಎಂದರು. ನಮ್ಮ ಸೂಕ್ಷ್ಮ ಬೋಧನೆಯ ಅವಧಿಗಳು ಮಂಗಳವಾರ ಮತ್ತು ಗುರುವಾರ ಇವೆ. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ಇನ್ನೂ ಅಂತಿಮವಾಗಿಲ್ಲವೆಂದು ತಿಳಿದಿದ್ದೇನೆ.